ತಡೆಯುವುದಾದರೆ ಬಾಗಿಲಲ್ಲೇ ತಡೆಯಿರಿ: ಮೇಲ್ ಸರ್ವರ್, ಸ್ಪ್ಯಾಮ್ ಮತ್ತು ಕನ್ನಡದ ಪತ್ರ

(ಕಲಬುರಗಿಯ ಸೇಡಂ ರಸ್ತೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ನಮ್ಮ ಊರಿನಲ್ಲಿ ದತ್ತಿ ಉಪನ್ಯಾಸ ಎಂದರೆ ವಚನವೋ, ಮಳಖೇಡದ ರಾಷ್ಟ್ರಕೂಟರೋ, ತೊಗರಿಯ ಬೆಲೆಯೋ ವಿಷಯವಾಗಿರುತ್ತದೆ. ಮೇಲ್ ಸರ್ವರ್‌ಗೆ ಸ್ಪ್ಯಾಮ್ ಮತ್ತು ವೈರಸ್ ಫಿಲ್ಟರ್ ಕೂಡಿಸುವ ಮಾತನ್ನು ಈ ವೇದಿಕೆಗೆ ತಂದದ್ದಕ್ಕೆ ಸಂಘಟಕರು ಮೊದಲು ಹುಬ್ಬೇರಿಸಿದರು. ಕಂಪ್ಯೂಟರ್ ರೂಮಿನ ಮಾತನ್ನು ಸಭೆಯಲ್ಲಿ ಯಾಕೆ ಆಡುತ್ತೀರಿ ಎಂದರು. ಯಾರ ಪತ್ರ ಒಳಗೆ ಬರಬೇಕು, ಯಾರದನ್ನು ಹೊರಗೇ ನಿಲ್ಲಿಸಬೇಕು ಎಂದು ಹಗಲು ರಾತ್ರಿ ತೀರ್ಪು ಕೊಡುವ ಯಂತ್ರವೊಂದು ಪ್ರತಿ ಕಚೇರಿಯ ಹಿಂದೆ ಕೂತಿದೆ. ಅದಕ್ಕೆ ನಿಯಮ ಬರೆದವರು ಯಾರು, ತೀರ್ಪು ತಪ್ಪಿದರೆ ಯಾರಿಗೆ ತಿಳಿಯುತ್ತದೆ ಎಂದು ಕೇಳುವ ಹಕ್ಕು ಊರಿನವರಿಗೆಲ್ಲ ಇದೆ. ಹಾಗಾಗಿ ಸಭೆಯಲ್ಲಿ ಆಡುತ್ತಿದ್ದೇನೆ.

ಈ ಸೇಡಂ ರಸ್ತೆಯನ್ನೇ ತೆಗೆದುಕೊಳ್ಳಿ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಇಲ್ಲಿದೆ. ಇಎಸ್‌ಐ ವೈದ್ಯಕೀಯ ಕಾಲೇಜು, ಆಸ್ಪತ್ರೆ ಇಲ್ಲಿದೆ. ಇನ್ನೂ ಮುಂದೆ ಶ್ರೀನಿವಾಸ ಸರಡಗಿಯ ಹತ್ತಿರ, 2019ರ ನವೆಂಬರ್ 22ರಂದು ಆರಂಭವಾದ ವಿಮಾನ ನಿಲ್ದಾಣವಿದೆ. ಪರೀಕ್ಷೆ, ಪ್ರವೇಶ, ಚಿಕಿತ್ಸೆ, ಟೆಂಡರ್, ಸಂಬಳ ಎಲ್ಲದರ ಪತ್ರ ವ್ಯವಹಾರ ಈಗ ಇಮೇಲ್‌ನಲ್ಲೇ. 2024ರ ಜೂನ್‌ನಲ್ಲಿ ಇದೇ ವಿಮಾನ ನಿಲ್ದಾಣಕ್ಕೆ ಬಾಂಬ್ ಇಟ್ಟಿದ್ದೇವೆ ಎಂಬ ಇಮೇಲ್ ಬಂತು. ಪೊಲೀಸರು ಬಂದು ಶೋಧಿಸಿದ ಮೇಲೆ ಹುಸಿ ಎಂದು ಗೊತ್ತಾಯಿತು. ಅದಕ್ಕೆ ಕೆಲವು ತಿಂಗಳ ಹಿಂದೆ, 2023ರ ಡಿಸೆಂಬರ್ 1ರಂದು, ಬೆಂಗಳೂರಿನ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಇಂಥದೇ ಮೇಲ್ ಬಂದಿತ್ತು. ಇಂಥ ಪತ್ರದಲ್ಲಿ ವೈರಸ್ ಇರಬೇಕಿಲ್ಲ, ಜಾಹೀರಾತಿರಬೇಕಿಲ್ಲ, ಒತ್ತಬೇಕಾದ ಲಿಂಕ್ ಇರಬೇಕಿಲ್ಲ. ಆದರೂ ಮನುಷ್ಯರು ಓದಲೇಬೇಕಾದ ಪತ್ರ ಅದು. ಅಪರಿಚಿತ ವಿಳಾಸ ಎಂಬ ಒಂದೇ ಕಾರಣಕ್ಕೆ ಫಿಲ್ಟರ್ ಅದನ್ನು ಸದ್ದಿಲ್ಲದೆ ನುಂಗಿಬಿಟ್ಟರೆ, ಬೆದರಿಕೆ ಖರೇ ಆಗಿದ್ದ ದಿನ ಏನಾದೀತು ಯೋಚಿಸಿ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಬೇಡದ ಪತ್ರವನ್ನು ತಡೆಯಲೇಬೇಕು. ತಡೆಯುವುದಾದರೆ ಬಾಗಿಲಲ್ಲೇ, ಕಳಿಸಿದವನಿಗೆ ಕಾರಣ ಹೇಳಿ ತಡೆಯಬೇಕು. ಒಳಗೆ ಬಿಟ್ಟುಕೊಂಡ ಮೇಲೆ ಗುಟ್ಟಾಗಿ ಬಿಸಾಡಬಾರದು. ಮೇಲ್ ಸರ್ವರ್ ಕಟ್ಟುವ ಪ್ರತಿ ಹೆಜ್ಜೆಯನ್ನೂ ಈ ಒಂದು ಮಾತಿನಿಂದ ಅಳೆಯಬಹುದು.

ನಂಬಿಕೆಯ ಕಾಲದ ಕಟ್ಟಡ

ಇಮೇಲ್ ಸಾಗಿಸುವ ನಿಯಮಾವಳಿಗೆ ಎಸ್‌ಎಂಟಿಪಿ ಎಂದು ಹೆಸರು. ಜಾನ್ ಪೋಸ್ಟೆಲ್ ಅದನ್ನು 1982ರ ಆಗಸ್ಟ್‌ನಲ್ಲಿ ಬರೆದು ಪ್ರಕಟಿಸಿದರು. ಆಗ ಜಾಲದಲ್ಲಿದ್ದವರು ವಿಶ್ವವಿದ್ಯಾಲಯದವರು, ಸಂಶೋಧಕರು, ಒಬ್ಬರಿಗೊಬ್ಬರು ಗೊತ್ತಿದ್ದವರು. 'ನಾನು ಇಂಥವನು' ಎಂದು ಬಂದವನು ಹೇಳಿದರೆ ಬಾಗಿಲಲ್ಲಿದ್ದವನು ನಂಬಬೇಕು, ಅಷ್ಟೇ. ಕಳಿಸಿದವನ ವಿಳಾಸ ನಿಜವೇ ಎಂದು ನೋಡುವ ಏರ್ಪಾಡು ಆ ನಿಯಮದಲ್ಲಿ ಇರಲೇ ಇಲ್ಲ. ಆ ಸಲಿಗೆಯ ದುರುಪಯೋಗ ಅದಕ್ಕೂ ಮೊದಲೇ ಶುರುವಾಗಿತ್ತು. 1978ರ ಮೇ ತಿಂಗಳಲ್ಲಿ ಗ್ಯಾರಿ ಥರ್ಕ್ ಎಂಬ ಮಾರಾಟಗಾರ ತನ್ನ ಕಂಪನಿಯ ಹೊಸ ಕಂಪ್ಯೂಟರಿನ ಪ್ರದರ್ಶನಕ್ಕೆ ಬನ್ನಿ ಎಂದು ಇಂಟರ್‌ನೆಟ್‌ನ ಪೂರ್ವಜವಾದ ಅರ್ಪಾನೆಟ್‌ನ ಸುಮಾರು 400 ಜನರಿಗೆ ಒಂದೇ ಸಲ ಪತ್ರ ಕಳಿಸಿದ. ಮೊದಲ ಸ್ಪ್ಯಾಮ್ ಎಂದು ಎಲ್ಲರೂ ಬೊಟ್ಟು ಮಾಡುವುದು ಅದನ್ನೇ.

ನಮ್ಮ ದೇಶದಲ್ಲಿ ಈ ಬಾಗಿಲು ಮೊದಲು ತೆರೆದದ್ದು ವಿದ್ಯಾಸಂಸ್ಥೆಗಳಿಗೇ. 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯ ಮೊದಲ ಕೇಂದ್ರಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷವೇ, 1996ರ ಜುಲೈ 4ರಂದು, ಬೆಂಗಳೂರಿನಲ್ಲಿ ಶಾಲೆ ಕಲಿತ ಸಬೀರ್ ಭಾಟಿಯಾ ತನ್ನ ಗೆಳೆಯ ಜಾಕ್ ಸ್ಮಿತ್ ಜೊತೆ ಅಮೆರಿಕದಲ್ಲಿ ಹಾಟ್‌ಮೇಲ್ ಆರಂಭಿಸಿದರು. ಪುಕ್ಕಟೆ ವಿಳಾಸ ಯಾರಿಗೆ ಬೇಕಾದರೂ ಸಿಗುವಂತಾಯಿತು. ಪತ್ರ ಕಳಿಸುವ ಖರ್ಚು ಸೊನ್ನೆಯಾಯಿತು. ಲಕ್ಷ ಜನರಿಗೆ ಕಳಿಸಿ ಒಬ್ಬ ಮೋಸ ಹೋದರೂ ಲಾಭ ಎಂಬ ಲೆಕ್ಕ ಅಲ್ಲಿಂದ ಕುದುರಿತು.

ಈ ಧಂದೆ ಬಿಡಿ ಕಿಡಿಗೇಡಿಗಳ ಕೈಯಲ್ಲಿ ಬಹಳ ದಿನ ಉಳಿಯಲಿಲ್ಲ. 2008ರ ನವೆಂಬರ್ 11ರಂದು ಕ್ಯಾಲಿಫೋರ್ನಿಯಾದ ಮೆಕೋಲೋ ಎಂಬ ಒಂದು ಹೋಸ್ಟಿಂಗ್ ಕಂಪನಿಯ ಸಂಪರ್ಕ ಕಡಿದಾಗ ಜಗತ್ತಿನಲ್ಲಿ ಹರಿಯುವ ಸ್ಪ್ಯಾಮ್ ಅರ್ಧಕ್ಕೂ ಹೆಚ್ಚು ಇಳಿದಿತ್ತೆಂದು ವರದಿಯಾಯಿತು. ಕೆಲವೇ ತಿಂಗಳಲ್ಲಿ ಮತ್ತೆ ಏರಿತು, ಆ ಮಾತು ಬೇರೆ. ಕಾನೂನಿನಿಂದ ಇದು ನಿಂತೀತು ಎನ್ನುವವರು ನಮ್ಮ ದೇಶದ ಸ್ಥಿತಿ ನೋಡಬೇಕು. ಅಮೆರಿಕದಲ್ಲಿ 2003ರಿಂದ ಸ್ಪ್ಯಾಮ್‌ಗೆಂದೇ ಕಾಯ್ದೆ ಇದೆ. ನಮ್ಮಲ್ಲಿ ಕಿರಿಕಿರಿಯ ಇಮೇಲ್‌ಗೆ ಶಿಕ್ಷೆ ಹೇಳಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ವಾಕ್ ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಸರಿಯಾದ ತೀರ್ಪೇ. ಅದರಾಚೆಗೆ ಸ್ಪ್ಯಾಮ್ ಇಮೇಲ್‌ಗೆಂದೇ ಪ್ರತ್ಯೇಕ ಕಾಯ್ದೆ ನಮ್ಮಲ್ಲಿ ಬಂದಿಲ್ಲ. ಹೀಗಾಗಿ ಕಾವಲಿನ ಭಾರವೆಲ್ಲ ಸರ್ವರ್ ನೋಡಿಕೊಳ್ಳುವವರ ತಲೆಯ ಮೇಲಿದೆ.

ಬಾಗಿಲಲ್ಲಿ ನಡೆಯುವ ಮಾತುಕತೆ

ಒಂದು ಪತ್ರ ಬರುವಾಗ ಎರಡು ಸರ್ವರ್‌ಗಳ ನಡುವೆ ಏನು ನಡೆಯುತ್ತದೆ ಎಂದು ಹತ್ತಿರದಿಂದ ನೋಡೋಣ. ಹೊರಗಿನ ಸರ್ವರ್ ಬಂದು ನಮ್ಮ ಸರ್ವರಿನ 25ನೇ ಪೋರ್ಟ್ ತಟ್ಟುತ್ತದೆ. ನಮ್ಮದು 220 ಎನ್ನುತ್ತದೆ, ಅಂದರೆ ಸಿದ್ಧನಿದ್ದೇನೆ. ಅದು 'ಇಹೆಲೋ' ಎಂದು ತನ್ನ ಹೆಸರು ಹೇಳುತ್ತದೆ. ನಮ್ಮದು 250, ಆಯಿತು. 'ಮೇಲ್ ಫ್ರಮ್' ಎಂದು ಕಳಿಸಿದವರ ವಿಳಾಸ ಕೊಡುತ್ತದೆ. 250. 'ಆರ್‌ಸಿಪಿಟಿ ಟು' ಎಂದು ಯಾರಿಗೆ ಎಂಬುದನ್ನು ಹೇಳುತ್ತದೆ. 250. ಆಮೇಲೆ 'ಡೇಟಾ' ಎನ್ನುತ್ತದೆ. ನಮ್ಮದು 354 ಎಂದರೆ ಒಕ್ಕಣೆ ಸುರಿಯತೊಡಗುತ್ತದೆ. ಕೊನೆಗೆ ಒಂದು ಸಾಲಿನಲ್ಲಿ ಒಂಟಿ ಚುಕ್ಕೆ ಬಂದರೆ ಪತ್ರ ಮುಗಿಯಿತು. ಆಗ ನಮ್ಮ ಸರ್ವರ್ ಇನ್ನೊಮ್ಮೆ 250 ಅನ್ನಬೇಕು.

ಈ ಕೊನೆಯ 250 ಮೇಲೆ ನನ್ನ ವಾದ ನಿಂತಿದೆ. ನಿಯಮಾವಳಿಯ ಪ್ರಕಾರ ಅದೊಂದು ವಚನ. 'ಇನ್ನು ಈ ಪತ್ರದ ಹೊಣೆ ನನ್ನದು, ಮುಟ್ಟಿಸುತ್ತೇನೆ, ಮುಟ್ಟಿಸಲಾಗದಿದ್ದರೆ ನಿನಗೆ ತಿಳಿಸುತ್ತೇನೆ' ಎಂದು ಅರ್ಥ. ಅದನ್ನು ಹೇಳುವ ಮೊದಲು ನಮ್ಮ ಸರ್ವರ್‌ಗೆ ಇನ್ನೆರಡು ದಾರಿಗಳಿವೆ. 4ರಿಂದ ಶುರುವಾಗುವ ಸಂಖ್ಯೆ ಹೇಳಿದರೆ 'ಈಗ ಆಗುವುದಿಲ್ಲ, ಆಮೇಲೆ ಬಾ' ಎಂದು. 5ರಿಂದ ಶುರುವಾದರೆ 'ತೆಗೆದುಕೊಳ್ಳುವುದಿಲ್ಲ' ಎಂದು. ಆ ಸಂಖ್ಯೆಯ ಜೊತೆಗೆ ಒಂದು ಸಾಲು ಕಾರಣವನ್ನೂ ಬರೆಯಬಹುದು. ಪ್ರಾಮಾಣಿಕ ಸರ್ವರ್ ಆ ಸಾಲನ್ನು ಕಳಿಸಿದವರಿಗೆ ಹಿಂದಿರುಗಿಸುತ್ತದೆ. 'ನಿಮ್ಮ ಮೇಲ್ ಮುಟ್ಟಲಿಲ್ಲ, ಕಾರಣ ಇದು' ಎಂದು ಅವರಿಗೆ ಗೊತ್ತಾಗುತ್ತದೆ. ಸ್ಪ್ಯಾಮ್ ಯಂತ್ರವಾದರೆ ಉತ್ತರ ಕೇಳಿಸಿಕೊಳ್ಳದೆ ಮುಂದಿನ ಮನೆಗೆ ಹೋಗುತ್ತದೆ.

250 ಹೇಳಿಬಿಟ್ಟ ಮೇಲೆ ಸ್ಪ್ಯಾಮ್ ಎಂದು ತಿಳಿದರೆ ಏನು ಮಾಡುತ್ತೀರಿ? ವಾಪಸ್ ಕಳಿಸಿದರೆ ಅದು ಹೋಗುವುದು ಲಕೋಟೆಯ ಮೇಲಿನ ವಿಳಾಸಕ್ಕೆ. ಆ ವಿಳಾಸ ಬಹುಪಾಲು ಸುಳ್ಳು, ಯಾವುದೋ ಅಮಾಯಕರದು. ಅವರು ಕಳಿಸದ ಪತ್ರದ ತಿರಸ್ಕಾರ ಅವರ ಮನೆಗೆ ರಾಶಿ ಬೀಳುತ್ತದೆ. ಸ್ಪ್ಯಾಮ್ ತಡೆಯಲು ಹೋಗಿ ನಾವೇ ಸ್ಪ್ಯಾಮ್ ಹಂಚಿದಂತೆ. ವಾಪಸ್ ಕಳಿಸದೆ ಎಸೆದರೆ ಕೊಟ್ಟ ಮಾತಿಗೆ ತಪ್ಪಿದಂತೆ. ಇಬ್ಬದಿಯ ಸಂಕಟ. ಇದರಿಂದ ಪಾರಾಗುವ ದಾರಿ ಒಂದೇ: ಪರೀಕ್ಷೆ ಎಲ್ಲವೂ ಆ ಕೊನೆಯ 250ಕ್ಕಿಂತ ಮೊದಲೇ ಮುಗಿಯಬೇಕು.

ಹಳೆಯ ಕೈಪಿಡಿಗಳಲ್ಲಿ ಹೆಚ್ಚಾಗಿ ಸಿಗುವ ಜೋಡಣೆ ಇದಕ್ಕೆ ತದ್ವಿರುದ್ಧ. ವೀಟ್ಸೆ ವೆನೆಮಾ 1998ರಲ್ಲಿ ಹೊರತಂದ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಪತ್ರವನ್ನು ಬರಮಾಡಿಕೊಂಡು ಕ್ಯೂನಲ್ಲಿ ಇಡುತ್ತದೆ. ಅಲ್ಲಿಂದ 10024ನೇ ಪೋರ್ಟ್‌ನಲ್ಲಿ ಕೂತ ಅಮಾವಿಸ್ ಎಂಬ ಮಧ್ಯವರ್ತಿಯ ಕೈಗೆ ಕೊಡುತ್ತದೆ. ಅಮಾವಿಸ್ ವೈರಸ್‌ಗೆ ಕ್ಲ್ಯಾಮ್‌ಎವಿಯನ್ನೂ ಸ್ಪ್ಯಾಮ್‌ಗೆ ಸ್ಪ್ಯಾಮ್‌ಅಸ್ಯಾಸಿನ್‌ನನ್ನೂ ಕೇಳಿ, ಪಾಸಾದದ್ದನ್ನು 10025ನೇ ಪೋರ್ಟ್ ಮೂಲಕ ಹಿಂದಕ್ಕೆ ಕೊಡುತ್ತದೆ. ಕೆಲಸವೇನೋ ಅಚ್ಚುಕಟ್ಟು. ಆದರೆ ಪರೀಕ್ಷೆ ಶುರುವಾಗುವ ಹೊತ್ತಿಗೆ 250 ಹೇಳಿ ಆಗಿರುತ್ತದೆ. ಮಿಲ್ಟರ್ ಎಂಬ ಸಂಪರ್ಕದ ಮೂಲಕ ಅದೇ ಫಿಲ್ಟರ್‌ಗಳನ್ನು ಕ್ಯೂಗಿಂತ ಮೊದಲೇ ಕೂಡಿಸಬಹುದು. ಆರ್‌ಸ್ಪ್ಯಾಮ್‌ಡಿ ಎಂಬ ಫಿಲ್ಟರ್ ಬಳಸುವವರು ಸಾಮಾನ್ಯವಾಗಿ ಹೀಗೇ ಮಾಡುತ್ತಾರೆ. ಕಳಿಸುವವನು ಬಾಗಿಲಲ್ಲಿ ಕೆಲವು ಕ್ಷಣ ಹೆಚ್ಚಿಗೆ ಕಾಯಬೇಕಾಗುತ್ತದೆ, ಸರ್ವರ್‌ಗೆ ಸ್ವಲ್ಪ ಹೆಚ್ಚು ಮೆಮೊರಿ ಬೇಕಾಗುತ್ತದೆ. ಆ ಬೆಲೆ ತೆರಲು ಅಡ್ಡಿಯಿಲ್ಲ.

ಜರಡಿಗಳ ಸಾಲು

ಕಲಬುರಗಿಯವರಿಗೆ ದಾಲ್ ಮಿಲ್ ಹೊಸದಲ್ಲ. ತೊಗರಿ ಒಂದೇ ಜರಡಿಯಲ್ಲಿ ಸ್ವಚ್ಛವಾಗುವುದಿಲ್ಲ. ದೊಡ್ಡ ಕಣ್ಣಿನ ಜರಡಿ ಮೊದಲು, ಸಣ್ಣ ಕಣ್ಣಿನದು ಆಮೇಲೆ. ಸ್ಪ್ಯಾಮ್ ತಡೆಯುವ ಸರ್ವರ್ ಕೂಡ ಹಾಗೆಯೇ: ಅಗ್ಗದ ಪರೀಕ್ಷೆ ಮೊದಲು, ದುಬಾರಿಯದು ಕೊನೆಗೆ.

ಮೊದಲನೆಯದು ಬಂದವನ ಐಪಿ ವಿಳಾಸದ ವಿಚಾರಣೆ. 1998ರಿಂದ ನಡೆಯುತ್ತಿರುವ ಸ್ಪ್ಯಾಮ್‌ಹಾಸ್‌ನಂಥ ಸಂಸ್ಥೆಗಳು ಕುಖ್ಯಾತ ವಿಳಾಸಗಳ ಪಟ್ಟಿ ಇಡುತ್ತವೆ. ಕೇಳುವ ರೀತಿ ಸೊಗಸಾಗಿದೆ. ಬಂದ ವಿಳಾಸ 203.0.113.7 ಎಂದಾದರೆ ನಮ್ಮ ಸರ್ವರ್ ಅದನ್ನು ತಿರುವಿ 7.113.0.203 ಎಂದು ಮಾಡಿ, ಮುಂದೆ ಪಟ್ಟಿಯ ಹೆಸರು ಸೇರಿಸಿ ಡಿಎನ್‌ಎಸ್‌ನಲ್ಲಿ ಹುಡುಕುತ್ತದೆ. 127.0.0.2 ಎಂಬಂಥ ಉತ್ತರ ಬಂದರೆ ಪಟ್ಟಿಯಲ್ಲಿದೆ. ಉತ್ತರವೇ ಇಲ್ಲದಿದ್ದರೆ ಇಲ್ಲ. ಇಲ್ಲೊಂದು ಹೊಂಡ ಇದೆ. ಗೂಗಲ್‌ನಂಥವರ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಸ್ಪ್ಯಾಮ್‌ಹಾಸ್ 127.255.255.254 ಎಂದು ಉತ್ತರಿಸುತ್ತದೆ. 'ಈ ದಾರಿಯಲ್ಲಿ ಕೇಳಬೇಡ' ಎಂದು ಅದರ ಅರ್ಥ. ಉತ್ತರ ಬಂತೆಂದರೆ ಅಪರಾಧಿ ಎಂದುಕೊಳ್ಳುವ ಸೆಟ್ಟಿಂಗ್ ಇದ್ದರೆ ಜಗತ್ತಿನ ಎಲ್ಲ ಪತ್ರಗಳೂ ಬಾಗಿಲಲ್ಲೇ ತಿರುಗಿ ಹೋಗುತ್ತವೆ. ಇನ್‌ಬಾಕ್ಸ್ ತಣ್ಣಗಿರುತ್ತದೆ. ಸ್ಪ್ಯಾಮ್ ಪೂರಾ ನಿಂತಿತು ಎಂದು ಸಾಹೇಬರು ಖುಷಿಪಡುತ್ತಾರೆ!

ಎರಡನೆಯದು, ಇಲ್ಲದ ಹೆಸರಿಗೆ ಬಂದ ಪತ್ರವನ್ನು 'ಆರ್‌ಸಿಪಿಟಿ ಟು' ಹಂತದಲ್ಲೇ ನಿರಾಕರಿಸುವುದು. ಮೂರನೆಯದು ಗ್ರೇಲಿಸ್ಟಿಂಗ್. 2003ರಲ್ಲಿ ಇವಾನ್ ಹ್ಯಾರಿಸ್ ಇದನ್ನು ಸೂಚಿಸಿದರು. ಗುರುತಿಲ್ಲದವರು ಬಂದರೆ 451 ಹೇಳಿ 'ಸ್ವಲ್ಪ ಹೊತ್ತು ಬಿಟ್ಟು ಬಾ' ಎನ್ನುವುದು. ನಿಜವಾದ ಸರ್ವರ್ ಮತ್ತೆ ಬರುತ್ತದೆ. ಪೋಸ್ಟ್‌ಫಿಕ್ಸ್ ಆದರೆ ಐದು ದಿನ ಬಿಡದೆ ಯತ್ನಿಸುತ್ತದೆ. ಅವಸರದ ಸ್ಪ್ಯಾಮ್ ಯಂತ್ರಕ್ಕೆ ಆ ತಾಳ್ಮೆ ಕಡಿಮೆ. ಆದರೆ ಹತ್ತು ನಿಮಿಷದಲ್ಲಿ ಸಾಯುವ ಒಟಿಪಿ ಹದಿನೈದನೇ ನಿಮಿಷಕ್ಕೆ ಬಂದರೆ ಬೈಗುಳ ತಿನ್ನುವವರು ನಾವು. ಎಲ್ಲಿ ಬೇಕು, ಎಲ್ಲಿ ಬೇಡ ಎಂದು ನೋಡಿ ಹಾಕಬೇಕು.

ನಾಲ್ಕನೆಯದು ಗುರುತಿನ ಪರೀಕ್ಷೆ. ನಮ್ಮ ಡೊಮೈನಿನ ಪತ್ರ ಯಾವ ಯಾವ ಸರ್ವರ್‌ನಿಂದ ಹೊರಡಬಹುದು ಎಂದು ಸಾರುವುದು ಎಸ್‌ಪಿಎಫ್. ಪತ್ರಕ್ಕೆ ಗಣಿತದ ಮೊಹರು ಒತ್ತುವುದು ಡಿಕಿಮ್. ಇವೆರಡೂ ತಪ್ಪಿದರೆ ಏನು ಮಾಡಬೇಕೆಂದು ಡೊಮೈನಿನ ಒಡೆಯನೇ ಹೇಳಿಡುವುದು ಡಿಮಾರ್ಕ್. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಮೇಲ್ ಕಳಿಸುವವರಿಗೆ ಈ ಮೂರನ್ನೂ ಕಡ್ಡಾಯ ಮಾಡಿವೆ. ಆದರೆ ನಮ್ಮ ಊರಿಗೆ ಇದಷ್ಟೇ ಸಾಲದು. ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿ ಆಯಿತು. ಇಂಗ್ಲಿಷಿನಲ್ಲಿ ಅದನ್ನು ಗುಲಬರ್ಗಾ ಎಂಬ ಹಳೆಯ ಹೆಸರಿನಿಂದ ಬರೆಯುವವರಿದ್ದಾರೆ, ಹೊಸದರಲ್ಲಿ ಒಂದು ಸ್ವರ ನುಂಗಿ ಬರೆಯುವವರಿದ್ದಾರೆ, ಎರಡು ನುಂಗುವವರೂ ಇದ್ದಾರೆ. ಅಂಗಡಿ ಬೋರ್ಡುಗಳಲ್ಲಿ ಎಲ್ಲ ರೂಪಗಳೂ ಕಾಣುತ್ತವೆ, ನಮ್ಮ ಕಣ್ಣಿಗೆ ಯಾವುದೂ ತಪ್ಪೆನಿಸುವುದಿಲ್ಲ. ಒಂದು ಅಕ್ಷರ ಆಚೀಚೆ ಮಾಡಿದ ಡೊಮೈನ್ ಕೊಂಡು ಸಂಸ್ಥೆಯ ಹೆಸರಿನಲ್ಲಿ ಮೇಲ್ ಕಳಿಸುವ ಮೋಸಗಾರನಿಗೆ ಇದಕ್ಕಿಂತ ಅನುಕೂಲ ಬೇಕೆ? 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ತೊಗರಿ ಬಿಲ್ಲನ್ನು ಹೊಸ ಖಾತೆಗೆ ಹಾಕಿ' ಎಂಬ ಎರಡು ಸಾಲಿನ ಮೇಲ್‌ಗೆ ವೈರಸ್ಸಿನ ಹಂಗೂ ಇಲ್ಲ. ಅಂಥ ಡೊಮೈನ್ ತನ್ನದೇ ಡಿಕಿಮ್ ಮೊಹರು ಒತ್ತಿಕೊಂಡು ಬರಬಹುದಾದ್ದರಿಂದ ಡಿಮಾರ್ಕ್ ಕೂಡ ಅದನ್ನು ಹಿಡಿಯುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಫೋನ್ ಎತ್ತಿ ಕೇಳುವ ಪದ್ಧತಿ ಮಾತ್ರ.

ಐದನೆಯದು ಒಕ್ಕಣೆಯ ಪರೀಕ್ಷೆ. ಸ್ಪ್ಯಾಮ್‌ಅಸ್ಯಾಸಿನ್ ನೂರಾರು ನಿಯಮಗಳಿಗೆ ಅಂಕ ಕೊಟ್ಟು ಕೂಡಿಸುತ್ತದೆ. ಮೊತ್ತ 5 ಮುಟ್ಟಿದರೆ ಸ್ಪ್ಯಾಮ್ ಎನ್ನುವುದು ಅದರ ಮೂಲ ಸೆಟ್ಟಿಂಗ್. 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಬರೆದ ಪ್ರಬಂಧದಿಂದ ಜನಪ್ರಿಯವಾದ ಬೇಸ್ ಲೆಕ್ಕಾಚಾರವೂ ಇದರ ಒಳಗಿದೆ. 1763ರಲ್ಲಿ, ಥಾಮಸ್ ಬೇಸ್ ಎಂಬ ಪಾದ್ರಿ ತೀರಿಕೊಂಡ ಮೇಲೆ, ಪ್ರಕಟವಾದ ಗಣಿತ ಇಂದು ನಮ್ಮ ಇನ್‌ಬಾಕ್ಸ್ ಕಾಯುತ್ತಿದೆ. ಒಂದು ಪದ ಸ್ಪ್ಯಾಮ್ ಪತ್ರಗಳಲ್ಲಿ ಎಷ್ಟು ಸಲ, ಒಳ್ಳೆಯ ಪತ್ರಗಳಲ್ಲಿ ಎಷ್ಟು ಸಲ ಬಂದಿದೆ ಎಂದು ನೋಡಿ ಅದು ಸಂಶಯವನ್ನು ಅಳೆಯುತ್ತದೆ. 'ಸಾಲ ಮಂಜೂರು' ಎಂಬ ಮಾತು ವಿದ್ಯಾರ್ಥಿಯ ಇನ್‌ಬಾಕ್ಸಿನಲ್ಲಿ ಗುಮಾನಿಯದು. ಸಹಕಾರಿ ಬ್ಯಾಂಕಿನಲ್ಲಿ ಅದು ದಿನನಿತ್ಯದ್ದು. ಹಾಗಾಗಿ ಈ ಲೆಕ್ಕವನ್ನು ಹೊರಗಿನಿಂದ ತಂದು ಹಾಕಿದರೆ ಸಾಲದು. ಆಯಾ ಕಚೇರಿಯ ಪತ್ರಗಳಿಂದಲೇ ಅದು ಕಲಿಯಬೇಕು. ಕಡಿಮೆಯೆಂದರೆ 200 ಸ್ಪ್ಯಾಮ್, 200 ಒಳ್ಳೆಯ ಪತ್ರಗಳನ್ನು ತೋರಿಸುವ ತನಕ ಸ್ಪ್ಯಾಮ್‌ಅಸ್ಯಾಸಿನ್‌ನ ಈ ಭಾಗ ಬಾಯಿ ಬಿಡುವುದೇ ಇಲ್ಲ.

ವೈರಸ್ಸಿನ ಮಾತು

ವೈರಸ್ ವಿಷಯದಲ್ಲಿ ನಾನು ಇಷ್ಟು ಉದಾರಿಯಲ್ಲ. ಸ್ಪ್ಯಾಮ್‌ಗೆ ಅಂಕವಿದೆ, ಸಂಶಯದ ಲಾಭವಿದೆ. ಗುರುತು ಸಿಕ್ಕ ವೈರಸ್‌ಗೆ 5ರಿಂದ ಶುರುವಾಗುವ ನಿರಾಕರಣೆ ಮಾತ್ರ.

2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ 'ಐ ಲವ್ ಯೂ' ವೈರಸ್ ಪ್ರೇಮಪತ್ರವೆಂಬ ಹೆಸರಿನ ಕಡತವಾಗಿ ಬಂತು. ಹೆಸರಿನ ಕೊನೆಗೆ 'ಟಿಎಕ್ಸ್‌ಟಿ', ಅದರ ಮುಂದೆ 'ವಿಬಿಎಸ್'. ವಿಂಡೋಸ್ ತನಗೆ ಪರಿಚಯವಿರುವ ಬಾಲವನ್ನು ಬಚ್ಚಿಡುವುದರಿಂದ ನೋಡುವವರಿಗೆ ಸಾಧಾರಣ ಪಠ್ಯ ಕಡತವೆಂದು ಕಂಡಿತು. ಒತ್ತಿದವರ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ತನ್ನನ್ನು ತಾನೇ ಕಳಿಸಿಕೊಂಡಿತು. ಈ ಜೋಡಿ ಬಾಲದ ತಂತ್ರ ಇಂದಿಗೂ ಸತ್ತಿಲ್ಲ. 'ಬಿಲ್' ಎಂಬ ಹೆಸರು, ಪಿಡಿಎಫ್ ಎಂಬ ಬಾಲ, ಅದರ ಮುಂದೆ ಇಎಕ್ಸ್‌ಇ. ಇಂಥದನ್ನು ತಡೆಯಲು ವೈರಸ್ ಸ್ಕ್ಯಾನರ್ ಕೂಡ ಬೇಕಿಲ್ಲ, ಬಾಲ ನೋಡುವ ಒಂದು ನಿಯಮ ಸಾಕು.

ಕ್ಲ್ಯಾಮ್‌ಎವಿ 2002ರಿಂದ ಇರುವ ಮುಕ್ತ ತಂತ್ರಾಂಶ. ಗೊತ್ತಿರುವ ವೈರಸ್‌ಗಳ ಗುರುತುಗಳನ್ನು ದಿನವೂ ತರಿಸಿಕೊಂಡು ಹೋಲಿಸುತ್ತದೆ. ಆ ಗುರುತುಗಳನ್ನೆಲ್ಲ ಮೆಮೊರಿಯಲ್ಲಿ ಹರಡಿಕೊಳ್ಳಲು ಒಂದು ಜಿಬಿಗೂ ಹೆಚ್ಚು ಜಾಗ ತಿನ್ನುತ್ತದೆ. ಮೂಲೆಯ ಹಳೆಯ ಪಿಸಿಯನ್ನು ಸರ್ವರ್ ಮಾಡಿದವರು ಮೊದಲು ಮುಗ್ಗರಿಸುವುದು ಇಲ್ಲೇ. ಅದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ನಿಜವಾದ ವೈರಸ್ ತರಬೇಕಾಗಿಲ್ಲ. ಐಕಾರ್ ಎಂಬ 68 ಅಕ್ಷರಗಳ ನಿರುಪದ್ರವಿ ಸಾಲು ಇದೆ. ಅದನ್ನು ಕಂಡರೆ ವೈರಸ್ ಎಂದೇ ಕೂಗಬೇಕೆಂದು ಸ್ಕ್ಯಾನರ್ ಮಾಡುವವರೆಲ್ಲ ಒಪ್ಪಿಕೊಂಡಿದ್ದಾರೆ. ಹೊರಗಿನ ವಿಳಾಸದಿಂದ ಅದನ್ನು ಬರೆದು ಕಳಿಸಿ. ಬಾಗಿಲಲ್ಲೇ ತಿರಸ್ಕಾರ ಬಂದರೆ ಕಾವಲು ಎಚ್ಚರವಿದೆ, ಇನ್‌ಬಾಕ್ಸಿಗೆ ಬಂದು ಕೂತರೆ ಕಾವಲು ಮಲಗಿದೆ. ಪಾಸ್‌ವರ್ಡ್ ಹಾಕಿದ ಜಿಪ್ ಕಡತದ ಒಳಗನ್ನು ಮಾತ್ರ ಯಾವ ಸ್ಕ್ಯಾನರ್ ಕೂಡ ಸುಲಭಕ್ಕೆ ನೋಡಲಾರದು. ಪತ್ರದಲ್ಲೇ ಪಾಸ್‌ವರ್ಡ್ ಬರೆದು ಜೊತೆಗೆ ಬೀಗ ಹಾಕಿದ ಜಿಪ್ ಕಳಿಸಿದ್ದರೆ ಅದನ್ನು ಯಾಕೆ ಹಾಗೆ ಕಳಿಸಿದರು ಎಂದು ಯೋಚಿಸಿ.

ಕಮಲಾಪುರದ ಝೆರಾಕ್ಸ್ ಅಂಗಡಿಯಿಂದ ಬಂದ ಪತ್ರ

ಈಗ ನನಗೆ ಮುಖ್ಯವಾದ ಭಾಗಕ್ಕೆ ಬರುತ್ತೇನೆ. ಹುಮನಾಬಾದ್ ಹಾದಿಯಲ್ಲಿರುವ ಕಮಲಾಪುರ ನಿಮಗೆಲ್ಲ ಕೆಂಪು ಬಾಳೆಯಿಂದ ಗೊತ್ತು. ಅಲ್ಲಿನ ಹುಡುಗಿಯೊಬ್ಬಳು ಪ್ರವೇಶಕ್ಕೋ ವಿದ್ಯಾರ್ಥಿವೇತನಕ್ಕೋ ಅರ್ಜಿ ಕಳಿಸಬೇಕು ಎಂದಿಟ್ಟುಕೊಳ್ಳಿ. ಝೆರಾಕ್ಸ್ ಅಂಗಡಿಗೆ ಹೋಗುತ್ತಾಳೆ. ಅಂಗಡಿಯವನು ಅರ್ಜಿಯನ್ನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ, ದಾಖಲೆಗಳನ್ನು ಸ್ಕ್ಯಾನ್ ಮಾಡಿ, ಅಂಗಡಿಯದೇ ಪುಕ್ಕಟೆ ಜಿಮೇಲ್ ವಿಳಾಸದಿಂದ ಕಳಿಸುತ್ತಾನೆ. ಸಬ್ಜೆಕ್ಟ್ ಖಾಲಿ, ಒಕ್ಕಣೆ ಖಾಲಿ. 'ಸ್ಕ್ಯಾನ್' ಎಂಬ ಹೆಸರಿನ, ಮುಂದೆ ನಾಲ್ಕು ಸೊನ್ನೆ ಇರುವ ಅಟ್ಯಾಚ್‌ಮೆಂಟ್. ಇದೇ ವಿಳಾಸದಿಂದ ಅದೇ ದಿನ ಬೇರೆ ಬೇರೆ ಹೆಸರಿನವರ ಮೇಲ್‌ಗಳು ಹೋಗಿರುತ್ತವೆ. ಈಗ ಫಿಲ್ಟರಿನ ಕಣ್ಣಿನಿಂದ ನೋಡಿ. ಸಬ್ಜೆಕ್ಟ್ ಇಲ್ಲದ್ದಕ್ಕೆ ಅಂಕ, ಒಕ್ಕಣೆ ಇಲ್ಲದ್ದಕ್ಕೆ ಅಂಕ, ಅಪರಿಚಿತ ಪುಕ್ಕಟೆ ವಿಳಾಸಕ್ಕೆ ಅಂಕ. ಮೋಸಗಾರನ ಲಕ್ಷಣಗಳೆಂದು ನಾವು ಪಟ್ಟಿ ಮಾಡಿದ್ದೆಲ್ಲ ಒಬ್ಬ ಬಡ ಅರ್ಜಿದಾರಳ ಪತ್ರಕ್ಕೆ ಅಂಟಿಕೊಂಡಿವೆ. ದೊಡ್ಡ ಕಂಪನಿಯ ಜಾಹೀರಾತಿಗೆ ಎಸ್‌ಪಿಎಫ್, ಡಿಕಿಮ್ ಎಲ್ಲ ಬರೋಬರಿ ಇರುತ್ತದೆ, ಅದು ಜುಮ್ಮನೆ ಒಳಗೆ ಬರುತ್ತದೆ.

ಭಾಷೆಯ ತೊಡಕು ಇದರ ಮೇಲೆ. ನುಡಿಯ ಹಳೆಯ ಫಾಂಟ್‌ಗಳು ಯೂನಿಕೋಡ್ ಅಲ್ಲ. 'ಕನ್ನಡ' ಎಂದು ಟೈಪ್ ಮಾಡಿ ಒಕ್ಕಣೆಗೆ ಅಂಟಿಸಿದರೆ ಆಚೆ ತಲುಪುವುದು ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೆರೆ ಹೊತ್ತ ಎ, ಬ್ರಿಟಿಷ್ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಕ್ಯೂ, ಇನ್ನೊಂದು ಎ. ಯಾವ ಭಾಷೆಗೂ ಸೇರದ ಈ ಸಾಲು ಫಿಲ್ಟರ್‌ಗೆ ಬೇಕೆಂದೇ ಕೆಡಿಸಿದ ಪಠ್ಯದಂತೆ ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದರೆ ಈ ಗೋಳಿಲ್ಲ, ಆದರೆ ಬೇರೆ ಇವೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು, ಅದನ್ನು ಬೇಸ್64ಕ್ಕೆ ತಿರುಗಿಸಿದರೆ ನಾಲ್ಕು ಇಂಗ್ಲಿಷ್ ಅಕ್ಷರ. ಪತ್ರವನ್ನು ಬಿಚ್ಚದೆ ಮೇಲ್ಮೈ ನೋಡುವ ನಿಯಮಕ್ಕೆ ಕನ್ನಡದ ಸಬ್ಜೆಕ್ಟ್ ಎಂದರೆ ಉದ್ದನೆಯ ಗೂಢಲಿಪಿ.

ಇನ್ನೂ ಸೂಕ್ಷ್ಮವಾದದ್ದು ಒಂದಿದೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ ಟಕಾರಕ್ಕೆ ವಕಾರದ ಒತ್ತು ಬೀಳದಂತೆ ನಾವು ನಡುವೆ ಕಣ್ಣಿಗೆ ಕಾಣದ ಸೊನ್ನೆ ಅಗಲದ ಅಕ್ಷರವೊಂದನ್ನು ಇಡುತ್ತೇವೆ. ಅಕ್ಷರ ಜೋಡಣೆ ತಿಳಿದವರು ಹಾಗೇ ಬರೆಯಬೇಕು. ಸ್ಪ್ಯಾಮ್ ಕಳಿಸುವವರು ಇಂಥದೇ ಕಾಣದ ಅಕ್ಷರಗಳನ್ನು ಇಂಗ್ಲಿಷ್ ಪದಗಳ ನಡುವೆ ತುರುಕಿ ಫಿಲ್ಟರ್‌ನ ಕಣ್ಣು ತಪ್ಪಿಸುತ್ತಾರೆ. ಅದಕ್ಕಾಗಿ ಈ ಅಕ್ಷರ ಕಂಡರೆ ಗುಮಾನಿಪಡುವ ನಿಯಮಗಳು ಬಂದಿವೆ. ಇಂಗ್ಲಿಷ್ ಪತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಅಂಥ ನಿಯಮವನ್ನು ಹಾಗೇ ಹಚ್ಚಿದರೆ, ತಪ್ಪಿಲ್ಲದೆ ಕನ್ನಡ ಬರೆದವನೇ ಸಿಕ್ಕಿಬೀಳುವುದು.

ಬೇಸ್ ಲೆಕ್ಕಕ್ಕೂ ಕನ್ನಡ ಕಷ್ಟದ ಪಾಠ. ಬಹುಮಾನ, ಬಹುಮಾನವನ್ನು, ಬಹುಮಾನಕ್ಕೆ, ಬಹುಮಾನದ, ಬಹುಮಾನವೂ ಇವೆಲ್ಲ ನಮಗೆ ಒಂದೇ ಪದ, ಯಂತ್ರಕ್ಕೆ ಐದು. ಇಂಗ್ಲಿಷಿಗೆ 200 ಪತ್ರ ಸಾಕಾದರೆ ಕನ್ನಡಕ್ಕೆ ಅದರ ಹಲವು ಪಟ್ಟು ಬೇಕು. ನಮ್ಮ ಕಚೇರಿಗಳಲ್ಲಿ ಒಳ್ಳೆಯ ಕನ್ನಡ ಪತ್ರಗಳನ್ನು ಫಿಲ್ಟರ್‌ಗೆ ಕಲಿಸುವ ಪರಿಪಾಠ ನಾನು ಕಂಡಂತೆ ಇಲ್ಲವೇ ಇಲ್ಲ. ಇದ್ದದ್ದರಲ್ಲಿ ಇಂಗ್ಲಿಷ್ ಸ್ಪ್ಯಾಮ್ ತೋರಿಸಿ ಕೈತೊಳೆದುಕೊಳ್ಳುತ್ತೇವೆ.

ಅರ್ಜಿ ಹಾಕಿದ ಆ ಹುಡುಗಿ ತಿಂಗಳಾದ ಮೇಲೆ ಕಚೇರಿಯ ಕಿಟಕಿಗೆ ಬರುತ್ತಾಳೆ. 'ಮೇಲ್ ಮಾಡೀನ್ರಿ ಸರ್, ನಿಮಗ ಮುಟ್ಟಿಲ್ಲೇನ್ರಿ?' ಗುಮಾಸ್ತರು ಹುಡುಕುತ್ತಾರೆ, ಇಲ್ಲ. 'ನೀನು ಕಳಿಸಿಯೇ ಇಲ್ಲ' ಎನ್ನುತ್ತಾರೆ. ಅವಳ ಕಡೆ ಕಳಿಸಿದ ಪುರಾವೆ ಇದೆ, ಇವರ ಕಡೆ ಬಂದ ಪುರಾವೆ ಇಲ್ಲ. ಇಬ್ಬರೂ ಸುಳ್ಳಾಡುತ್ತಿಲ್ಲ. ನಡುವೆ 250 ಹೇಳಿ ಪತ್ರ ತೆಗೆದುಕೊಂಡು ಸದ್ದಿಲ್ಲದೆ ಎಸೆದ ಯಂತ್ರ ಸುಳ್ಳಾಡಿದೆ. ಅದೇ ಯಂತ್ರ ಬಾಗಿಲಲ್ಲೇ 550 ಎಂದಿದ್ದರೆ ನಿಮಿಷದೊಳಗೆ ಝೆರಾಕ್ಸ್ ಅಂಗಡಿಯ ಪರದೆಯ ಮೇಲೆ ಗೊತ್ತಾಗುತ್ತಿತ್ತು. ಅವಳು ಇನ್ನೂ ಅಂಗಡಿಯಲ್ಲೇ ಇರುತ್ತಿದ್ದಳು.

ಹೊರಗೆ ಹೋಗುವ ಪತ್ರ

ಬರುವುದನ್ನು ಕಾಯುವವರು ಹೋಗುವುದನ್ನು ಮರೆಯುತ್ತಾರೆ. ಒಬ್ಬ ಸಿಬ್ಬಂದಿಯ ಪಾಸ್‌ವರ್ಡ್ ಕಳ್ಳರ ಕೈಸೇರಿದರೆ ಒಂದೇ ರಾತ್ರಿಯಲ್ಲಿ ನಮ್ಮ ಸರ್ವರ್‌ನಿಂದ ಸಾವಿರಾರು ಸ್ಪ್ಯಾಮ್ ಹೊರಡುತ್ತದೆ. ಬೆಳಿಗ್ಗೆ ನಮ್ಮ ಐಪಿ ಕುಖ್ಯಾತರ ಪಟ್ಟಿಯಲ್ಲಿರುತ್ತದೆ. ಪ್ರಾಧ್ಯಾಪಕರ ಸಂಶೋಧನಾ ಪ್ರಬಂಧವನ್ನೂ ಯಾರೂ ತೆಗೆದುಕೊಳ್ಳುವುದಿಲ್ಲ. ಸಿಬ್ಬಂದಿ ಮೇಲ್ ಕಳಿಸಲು 587ನೇ ಪೋರ್ಟ್, ಪಾಸ್‌ವರ್ಡ್ ಕಡ್ಡಾಯ, ಒಬ್ಬರಿಗೆ ಗಂಟೆಗೆ ಇಷ್ಟೇ ಎಂಬ ಮಿತಿ, ಹೊರಹೋಗುವ ಪತ್ರಕ್ಕೂ ವೈರಸ್ ಪರೀಕ್ಷೆ. ಇಷ್ಟು ಇಲ್ಲದೆ ಸರ್ವರ್ ತೆರೆಯಲೇಬಾರದು.

'ಇಷ್ಟೆಲ್ಲ ಯಾಕೆ, ದೊಡ್ಡ ಕಂಪನಿಯ ಸೇವೆ ಬಾಡಿಗೆಗೆ ಪಡೆದರಾಯಿತಲ್ಲ' ಎನ್ನುವವರ ಮಾತಿನಲ್ಲಿ ತಿರುಳಿದೆ. ಹಗಲು ರಾತ್ರಿ ನೋಡಿಕೊಳ್ಳುವ ಜನ ಇಲ್ಲದ ಕಾಲೇಜು ಸ್ವಂತ ಸರ್ವರ್ ಇಟ್ಟುಕೊಳ್ಳುವುದು ಜಾಣತನವಲ್ಲ. ಆದರೆ ಬಾಡಿಗೆ ಮನೆಗೂ ಬಾಗಿಲ ಬೀಗ ನಮ್ಮದೇ. ಅಲ್ಲಿಯೂ ಯಾವುದನ್ನು ನಿರಾಕರಿಸಬೇಕು, ಯಾವುದನ್ನು ಜಂಕ್ ಫೋಲ್ಡರ್‌ಗೆ ಹಾಕಬೇಕು ಎಂಬ ಸೆಟ್ಟಿಂಗ್ ಇದೆ. ತಡೆಹಿಡಿದ ಪತ್ರಗಳ ಪಟ್ಟಿಯೂ ಇದೆ. ಅದನ್ನು ತೆರೆದು ನೋಡುವವರು ಬೇಕು.

ಮಾಡಬೇಕಾದ್ದು

ಈ ರಸ್ತೆಯ ಸಂಸ್ಥೆಗಳು, ಕಮಲಾಪುರ ತಾಲ್ಲೂಕಿನ ಕಚೇರಿಗಳು, ಯಾರೇ ಆಗಲಿ, ದೊಡ್ಡ ಖರ್ಚಿಲ್ಲದೆ ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳಿ ಮುಗಿಸುತ್ತೇನೆ.

ನಿರಾಕರಣೆ ಕೊನೆಯ 250ಕ್ಕಿಂತ ಮೊದಲೇ ಆಗುವಂತೆ ಜೋಡಿಸಿ. 550ರ ಮುಂದಿನ ಸಾಲಿನಲ್ಲಿ ಕನ್ನಡ ಬರೆದರೆ ಎಲ್ಲ ಸರ್ವರ್‌ಗಳೂ ಅದನ್ನು ಸರಿಯಾಗಿ ದಾಟಿಸುವುದಿಲ್ಲ. ಆದರೆ ಕಚೇರಿಯ ಫೋನ್ ನಂಬರ್ ಬರೆಯಬಹುದು. ಅಂಕಿ ಎಲ್ಲ ಕಡೆ ದಾಟುತ್ತದೆ. ತಿರಸ್ಕಾರ ಪಡೆದವರು ಆ ನಂಬರಿಗೆ ಕರೆ ಮಾಡಿ ಕೇಳಬಹುದು.

ಖಚಿತ ಸ್ಪ್ಯಾಮ್‌ಗೂ ಖಚಿತ ಒಳ್ಳೆಯದಕ್ಕೂ ನಡುವಿನ ಪತ್ರಗಳನ್ನು ಜಂಕ್ ಫೋಲ್ಡರ್‌ಗೆ ಹಾಕಿ, ಪ್ರವೇಶ ಮತ್ತು ವಿದ್ಯಾರ್ಥಿವೇತನದ ತಿಂಗಳುಗಳಲ್ಲಿ ಅದನ್ನು ದಿನಕ್ಕೊಮ್ಮೆ ಓದುವ ಹೊಣೆಯನ್ನು ಒಬ್ಬರಿಗೆ ಆದೇಶದ ಮೂಲಕ ವಹಿಸಿ. ಅಲ್ಲಿ ಸಿಕ್ಕ ಒಳ್ಳೆಯ ಕನ್ನಡ ಪತ್ರಗಳನ್ನು ಫಿಲ್ಟರ್‌ಗೆ ಮರಳಿ ತೋರಿಸಿ ಕಲಿಸಿ. ಕನ್ನಡ ಗಣಕದ ಬಗ್ಗೆ ಯೋಜನಾ ವರದಿ ಬರೆಯುವ ವಿದ್ಯಾರ್ಥಿಗಳು ಪ್ರತ್ಯಯ ಬಿಡಿಸಿ ಮೂಲ ಪದ ಎಣಿಸುವ ಒಂದು ಸಣ್ಣ ಪ್ಲಗಿನ್ ಬರೆಯಲಿ. ನಮ್ಮ ವಿಭಾಗಗಳಿಂದ ಜಗತ್ತಿಗೆ ಹೋಗಬಹುದಾದ ಕೊಡುಗೆ ಅದು.

ದೇಶದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ದೇಶದೊಳಗೇ ಕಾಪಾಡಬೇಕು, ಸೈಬರ್ ದಾಳಿಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು. ಇದನ್ನು ಬರೀ ಕಾನೂನಿನ ಭಯವೆಂದು ತಿಳಿಯಬೇಡಿ. ಬಾಂಬ್ ಬೆದರಿಕೆಯ ಮೇಲ್ ಎಲ್ಲಿಂದ ಬಂತೆಂದು ಹುಡುಕುವ ಪೊಲೀಸರಿಗೂ, ನನ್ನ ಅರ್ಜಿ ಏನಾಯಿತೆಂದು ಕೇಳುವ ವಿದ್ಯಾರ್ಥಿನಿಗೂ ಉತ್ತರ ಸಿಗುವುದು ಒಂದೇ ಲಾಗ್‌ನಲ್ಲಿ.

ಕೊನೆಯದಾಗಿ, ವಿದ್ಯಾರ್ಥಿಗಳಿಗೊಂದು ಕೆಲಸ. ಇಮೇಲ್ ತೆಗೆದುಕೊಳ್ಳುವ ಪ್ರತಿ ಡೊಮೈನ್‌ಗೂ ಪೋಸ್ಟ್‌ಮಾಸ್ಟರ್ ಎಂಬ ವಿಳಾಸ ಇರಲೇಬೇಕು ಎಂದು ನಿಯಮಾವಳಿ ಹೇಳುತ್ತದೆ. ತೊಂದರೆಯಾದವರು ದೂರು ಹೇಳಿಕೊಳ್ಳಲೆಂದು ಮಾಡಿದ ವಿಳಾಸ ಅದು. ನಾಳೆ ಬೆಳಿಗ್ಗೆ ನಿಮ್ಮ ಕಾಲೇಜಿನ, ನಿಮ್ಮ ತಾಲ್ಲೂಕಿನ ಕಚೇರಿಯ, ನಿಮ್ಮ ಬ್ಯಾಂಕಿನ ಪೋಸ್ಟ್‌ಮಾಸ್ಟರ್ ವಿಳಾಸಕ್ಕೆ ಯೂನಿಕೋಡ್ ಕನ್ನಡದಲ್ಲಿ ಒಂದು ಪತ್ರ ಬರೆಯಿರಿ: 'ನನ್ನ ಪತ್ರವನ್ನು ತಡೆದರೆ ನನಗೆ ತಿಳಿಸುತ್ತೀರಾ?' ಉತ್ತರ ಬಂದರೆ ಅಲ್ಲೊಬ್ಬರು ಕೂತಿದ್ದಾರೆ. 550 ಬಂದರೆ ನಿಮ್ಮ ಕೈಯಲ್ಲೊಂದು ಕಾರಣವಾದರೂ ಇದೆ, ಅದನ್ನು ಹಿಡಿದು ಕೇಳಿ. ಎರಡೂ ಬಾರದಿದ್ದರೆ ಪ್ರಿಂಟ್ ತೆಗೆದುಕೊಂಡು ಆ ಸಂಸ್ಥೆಯ ಮುಖ್ಯಸ್ಥರ ಬಳಿ ಹೋಗಿ, ಈ ವಿಳಾಸ ಓದುವವರು ಯಾರು ಎಂದು ಹೆಸರು ಕೇಳಿ. ಹೆಸರು ಹೇಳಬೇಕಾದದ್ದು ಅವರ ಕೆಲಸ, ಕೇಳುವುದು ನಿಮ್ಮದು.